ಸೊನ್ನೆ ಲೆವೆಲ್ಲಿನ ಕಾಲಾಳು



ನನ್ನ ವಾಲ್ ಮೇಲೆ ನೀವು ದಿನಾ ಓದೋದು ಸ್ಮಶಾನ ಭೂಮಿ, ಹಾಸ್ಟೆಲ್ ಊಟ, ಅಟ್ರಾಸಿಟಿ ಕೇಸು, ಸ್ಕಾಲರ್‌ಶಿಪ್ಪು, ಇವೇ. ಇವತ್ತು ಒಂದು ಕಂಪ್ಯೂಟರ್ ಆಟದ ಬಗ್ಗೆ ಬರೀಲಾಕತ್ತೀನಿ. "ಇಷ್ಟೆಲ್ಲಾ ಕೆಲಸ ಬಿದ್ದಾವ, ಇಂವ ನೋಡಿದ್ರ ಆಟದ ಸುದ್ದಿ ಹೇಳ್ತಾನ" ಅಂತ ಕೆಲವರು ಅಂತೀರಿ. ಅನ್ನಿರಿ. ಆದ್ರ ಪೂರ್ತಿ ಓದಿ ಆಮ್ಯಾಲ ಅನ್ನಿರಿ.

ವಾಡಿಯಲ್ಲಿ ನಾವು ಕೆಲವರು ಸೇರಿ ಮಕ್ಕಳಿಗೆ ಸಂಜೆ ಪಾಠ ನಡೆಸ್ತೀವಿ. ಮೇಲೆ ತಗಡು, ಕೆಳಗೆ ಶಹಾಬಾದ ಪರ್ಸಿ, ಗೋಡೆ ಮೇಲೆ ಬಾಬಾಸಾಹೇಬರ ಫೋಟೋ. ಒಂದು ಮೂಲೆಯಲ್ಲಿ ಮೂರು ಹಳೆ ಕಂಪ್ಯೂಟರ್. ಒಂದಕ್ಕೆ ಸ್ಪೀಕರ್ ಇಲ್ಲ, ಇನ್ನೊಂದರ ಕೀಬೋರ್ಡಿನಾಗ ಎರಡು ಅಕ್ಷರ ಒತ್ತಿದ್ರೂ ಬೀಳಂಗಿಲ್ಲ. ಪಾಠ ಮುಗಿದ ಮ್ಯಾಲೆ ಒಂದು ತಾಸು ಆಟಕ್ಕೆ ಬಿಡ್ತೀವಿ. ಹಿಂಗೊಂದು ಸಂಜೆ ಎಂಟನೇ ಕ್ಲಾಸಿನ ಹುಡುಗ ಒಬ್ಬ ಪರದೆ ಮೇಲಿನ ಒಂದು ಸಣ್ಣ ಹಸಿರು ಬೊಂಬೆ ಮೇಲೆ ಬೆರಳಿಟ್ಟು ಕೇಳಿದ:

"ಅಣ್ಣಾ, ಇಂವ ಹುಟ್ಟಿಂದ್ಲೇ ದಡ್ಡ ಅದಾನಂತ. ಇಲ್ಲಿ ಹಂಗೇ ಬರದಾರ. ಹುಟ್ಟಿಂದ್ಲೇ ಯಾರರ ದಡ್ಡ ಇರ್ತಾರೇನು?"

ಕ್ಲಾಸಿನಾಗ ಈ ಪ್ರಶ್ನೆ ಬಂದಿದ್ರ ಉತ್ತರ ನನ್ನ ಹತ್ರ ತಯಾರ ಇತ್ತು. ಜಾತಿ ವಿನಾಶದ ಬಗ್ಗೆ ಅರ್ಧ ತಾಸು ಭಾಷಣ ಮಾಡ್ತಿದ್ದೆ. ಆದ್ರ ಆ ಆಟ ಅವರಿಗೆ ಕಲಿಸಿದವನು ನಾನೇ. ನಾನೇ ಮೂರು ವರ್ಷ ಅದನ್ನ ಆಡೀನಿ. ಆ ಹಸಿರು ಬೊಂಬೆಯನ್ನ ನಾನೇ ನೂರಾರು ಸಲ ಸಾಯಲಾಕ ಕಳಿಸೀನಿ. ಅದರ ಪುಟ ಒಂದು ಸಲನೂ ಓದಿರಲಿಲ್ಲ.

ಆಟದ ಹೆಸರು 'ಬ್ಯಾಟಲ್ ಫಾರ್ ವೆಸ್ನಾತ್'. 2003ರಲ್ಲಿ ಡೇವಿಡ್ ವೈಟ್ ಅನ್ನುವ ಪ್ರೋಗ್ರಾಮರ್ ಶುರು ಮಾಡಿದ್ದು. ಆಮೇಲೆ ಬೇರೆ ಬೇರೆ ದೇಶದ ಜನ ಪುಕ್ಕಟೆ ಕೆಲಸ ಮಾಡಿ ಬೆಳೆಸಿದರು. ವೆಸ್ನಾತ್ ಅನ್ನೋದು ಕಲ್ಪನೆಯ ರಾಜ್ಯ. ಅಲ್ಲಿ ಮನುಷ್ಯರು ಅದಾರ, ಕಾಡಿನ ಎಲ್ಫ್‌ಗಳು, ಗುಡ್ಡದೊಳಗಿನ ಕುಳ್ಳರು, ಆರ್ಕ್‌ಗಳು, ಟ್ರಾಲ್‌ಗಳು, ಗೋರಿಯಿಂದ ಎದ್ದುಬಂದ ಹೆಣಗಳು, ಬೆಂಕಿ ಉಗುಳೋ ಡ್ರೇಕ್‌ಗಳು ಅದಾವ. 1954-55ರಲ್ಲಿ ಬಂದ ಟೋಲ್ಕಿನ್ ಅವರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಸಿನಿಮಾ ರೂಪದಲ್ಲಿ ನೋಡಿದವರಿಗೆ ಈ ಲೋಕ ಗೊತ್ತಾಗ್ತದ. ನೆಲವೆಲ್ಲಾ ಜೇನಿನ ಹುಟ್ಟಿನಂಗ ಆರು ಮೂಲೆಯ ಮನೆಗಳು. ನಿಮ್ಮ ಪಾಳಿ ಬಂದಾಗ ನಿಮ್ಮ ಸೈನಿಕರನ್ನ ಒಬ್ಬೊಬ್ಬರನ್ನೇ ನಡೆಸಬೇಕು, ಆಮೇಲೆ ಎದುರಾಳಿಯ ಪಾಳಿ. ಊರುಗಳನ್ನ ಹಿಡಿದರೆ ಚಿನ್ನ ಬರ್ತದ, ಚಿನ್ನದಿಂದ ಸೈನಿಕರನ್ನ ತಗೋಬೇಕು.

ಮೊದಲು ಇದರ ಒಳ್ಳೇದು ಹೇಳ್ತೀನಿ, ಯಾಕಂದ್ರ ಒಳ್ಳೇದು ಬಾಳ ಅದ.

ರೊಕ್ಕ ಬೇಕಿಲ್ಲ. ನಮ್ಮ ಹುಡುಗರು ಮೊಬೈಲಿನಾಗ ಆಡೋ ಆಟಗಳು ಮೊದಲು ಪುಕ್ಕಟೆ ಅಂತವ, ಆಮೇಲೆ ಬಂದೂಕಿಗೆ ಇಷ್ಟು, ಅಂಗಿಗೆ ಇಷ್ಟು ಅಂತ ಕೇಳ್ತಾವ. ರೊಕ್ಕ ಇದ್ದವನ ಬಂದೂಕು ಬ್ಯಾರೆ, ಇಲ್ಲದವನ ಬಂದೂಕು ಬ್ಯಾರೆ. ಇಲ್ಲಿ ಆ ಗೋಳಿಲ್ಲ. ಹಳೆ ಮಷೀನಿನಲ್ಲಿ ನಡೀತದ, ನೆಟ್ ಬೇಕಿಲ್ಲ, ಗಡಿಬಿಡಿ ಇಲ್ಲ. ಬೆರಳು ಚುರುಕಿಲ್ಲದವನೂ ಕೂತು ವಿಚಾರ ಮಾಡಿ ಗೆಲ್ಲಬಹುದು. ಹೊರಗಿನ ಸಿಗ್ನಲಿನಲ್ಲಿ ಗೂಡ್ಸ್ ಗಾಡಿ ನಿಂತು ಹೋಗೋವರೆಗೂ ಒಂದೇ ಹೆಜ್ಜೆ ಬಗ್ಗೆ ನಾಲ್ಕು ಹುಡುಗರು ಜಗಳಾಡೋದನ್ನ ನಾನು ನೋಡೀನಿ.

ಎರಡನೇದು ನೆಲ. ಈ ಆಟದಲ್ಲಿ ನಿನಗೆ ಏಟು ಬೀಳೋದು ಎಷ್ಟು ಅನ್ನೋದು ಬಹುಮಟ್ಟಿಗೆ ನೀ ಎಲ್ಲಿ ನಿಂತೀದಿ ಅನ್ನೋದರ ಮೇಲೆ ಅದ. ಒಬ್ಬ ಭರ್ಚಿ ಹಿಡಿದ ಸಾದಾ ಸೈನಿಕ. ಬಯಲಿನಲ್ಲಿ ನಿಂತರೆ ಅವನಿಗೆ ಏಟು ಬೀಳೋ ಸಾಧ್ಯತೆ 100ಕ್ಕೆ 60. ಊರೊಳಗೆ ಇಲ್ಲಾ ಕೋಟೆಯೊಳಗೆ ನಿಂತರೆ 40. ಹಳ್ಳದ ನೀರಿನಲ್ಲಿ ನಿಂತರೆ 80. ಅದೇ ಮನುಷ್ಯ, ಅದೇ ಭರ್ಚಿ, ಅದೇ ಧೈರ್ಯ. ಬದಲಾದದ್ದು ಕಾಲ ಕೆಳಗಿನ ನೆಲ ಮಾತ್ರ.

ಇದನ್ನ ಹುಡುಗರಿಗೆ ಹೇಳೋವಾಗ ನಮ್ಮಪ್ಪ ನೆನಪಾದ. ಜೀವಮಾನವಿಡೀ ಪರ್ಸಿ ಖಣಿಯಲ್ಲಿ ಕಲ್ಲು ಎಬ್ಬಿಸಿದವ. ಅವನು ಎಬ್ಬಿಸಿದ ಕಲ್ಲು ಯಾವ್ಯಾವ ಊರಿನ ಮನೆಗಳ ನೆಲ ಆಯ್ತೋ ಗೊತ್ತಿಲ್ಲ, ಅವನ ಹೆಸರಿನಲ್ಲಿ ಒಂದು ಗುಂಟೆ ನೆಲ ಇರಲಿಲ್ಲ. ಊರಲ್ಲಿ ಜಗಳ ಬಿದ್ದಾಗ ಅವನು ಸುಮ್ಮನೆ ತಲೆ ತಗ್ಗಿಸೋದು ನೋಡಿ ನಾನು "ಹೇಡಿ" ಅಂದುಕೊಂಡಿದ್ದೆ. ಅವನು ಹೇಡಿ ಅಲ್ಲ, ಬಯಲಿನಲ್ಲಿ ನಿಂತಿದ್ದ. ಹೊಲ, ಬಾವಿ, ಪಂಚಾಯ್ತಿ, ಸ್ಟೇಷನ್ ಎಲ್ಲಾ ಎದುರಿನವರ ಕೈಯಲ್ಲಿದ್ದಾಗ ನಮಗೆ ಏಟು ಬೀಳೋ ಲೆಕ್ಕವೇ ಬ್ಯಾರೆ.

ಮೂರನೇದು ನನಗೆ ಬಾಳ ಇಷ್ಟ. ಕಥೆಯ ಆಟ ಒಂದಾದ ಮೇಲೊಂದು ಸಾಗ್ತದ. ಹಿಂದಿನ ಯುದ್ಧದಲ್ಲಿ ಉಳಿಸಿದ ಚಿನ್ನದ ಒಂದು ಪಾಲು ಮುಂದಿನ ಯುದ್ಧಕ್ಕೆ ಬರ್ತದ. ಅಪ್ಪನ ಆಸ್ತಿ ಮಗನಿಗೆ ಬಂದಂಗ. ಆದ್ರ ಎಲ್ಲಾ ಖರ್ಚಾಗಿ ಬರಿಗೈಯಲ್ಲಿ ಬಂದವನಿಗೂ ಶುರುವಿನಲ್ಲಿ ಇಷ್ಟು ಚಿನ್ನ ಅಂತ ಕೊಟ್ಟೇ ಕೊಡ್ತಾರ. ಇಲ್ಲದಿದ್ರ ಅವನು ಆಡೋದೇ ಆಗಲ್ಲ, ಆಟಾನೇ ಇರಲ್ಲ. ಲೋಕದಲ್ಲಿ ಎಷ್ಟೋ ಜನ ಈ ಆಟ ಆಡ್ಯಾರ. "ಆ ಕನಿಷ್ಠ ಚಿನ್ನದಿಂದ ಮೆರಿಟ್ ಹಾಳಾಯ್ತು" ಅಂತ ಅಳೋರನ್ನ ನಾನು ನೋಡಿಲ್ಲ. ಮೀಸಲಾತಿ ಅಂದ್ರೇನು, 371(ಜೆ) ಅಂದ್ರೇನು ಅಂತ ಹುಡುಗರಿಗೆ ಎಷ್ಟು ಸಲ ಹೇಳಿದ್ರೂ ತಲೆಗೆ ಹೋಗ್ತಿರಲಿಲ್ಲ. ಈ ಲೆಕ್ಕ ತೋರಿಸಿದ ದಿನ ಒಬ್ಬ ಹುಡುಗಿ ತಾನೇ ಅಂದಳು: "ಹೌದಲ್ರಿ ಅಣ್ಣಾ, ಮೊದಲನೇ ಪಾಳಿಗೇ ಸೋತವನ ಕೂಡ ಆಡಿ ಗೆದ್ರ ಅದೇನು ಗೆಲುವು?"

ನಮ್ಮ ಮುತ್ಯಾ ಪರ್ಸಿ ಮೇಲೆ ಇದ್ದಿಲಿನಿಂದ ಗೆರೆ ಎಳೆದು ಹುಲಿ-ಕುರಿ ಆಟ ಆಡಿಸ್ತಿದ್ದ. ಹುಲಿ ಎಷ್ಟು, ಕುರಿ ಎಷ್ಟು ಅನ್ನೋದು ಊರಿಗೊಂದು ಲೆಕ್ಕ. ಕುರಿಗೆ ಹಲ್ಲಿಲ್ಲ, ಹುಲಿಯನ್ನ ಕೊಲ್ಲಲಾಗಲ್ಲ. ಆದ್ರ ಕುರಿಯ ಹಿಂದಿನ ಮನೆ ಖಾಲಿ ಇದ್ರ ಮಾತ್ರ ಹುಲಿ ಅದನ್ನ ಹಾರಿ ತಿನ್ನಬಹುದು. ಹಿಂದೆ ಇನ್ನೊಂದು ಕುರಿ ನಿಂತಿದ್ರ ಹುಲಿ ಹಾರಲಾಗಲ್ಲ. ಹಿಂಗೇ ಒಂದಕ್ಕೊಂದು ಬೆನ್ನಾಗಿ ನಿಂತು ಹುಲಿಗೆ ಕಾಲಿಡಲಾಕ ಜಾಗ ಇಲ್ಲದಂಗ ಮಾಡಿದ್ರ ಕುರಿಗಳ ಗೆಲುವು. "ಹಿಂದಿನ ಮನಿ ನೋಡು ಮಗಾ, ಹುಲಿ ನೋಡಬ್ಯಾಡ" ಅಂತಿದ್ದ ಮುತ್ಯಾ. ವೆಸ್ನಾತಿನಲ್ಲೂ ಇದೇ ಪಾಠ ಅದ. ಒಂಟಿಯಾಗಿ ಮುನ್ನುಗ್ಗಿದವ ಸಾಯ್ತಾನ, ಸಾಲು ಹಿಡಿದು ನಿಂತವರು ಉಳೀತಾರ.

ಇನ್ನು ಹುಡುಗ ಬೆರಳಿಟ್ಟ ಜಾಗಕ್ಕೆ ಬರ್ತೀನಿ.

ಈ ಆಟದಲ್ಲಿ ಒಬ್ಬ ಮನುಷ್ಯ ಸೈನಿಕನನ್ನೋ ಆರ್ಕ್‌ನನ್ನೋ ತಗೊಂಡ್ರ ಅವನಿಗೆ ಚೀಟಿ ಎತ್ತಿದಂಗ ಎರಡು ಗುಣ ಸಿಗ್ತಾವ. ಬಲಶಾಲಿ, ಚುರುಕು, ಜಾಣ, ಗಟ್ಟಿಜೀವ, ಇವುಗಳಲ್ಲಿ ಯಾವುದಾದ್ರೂ ಎರಡು. ಇದರಲ್ಲಿ ತಪ್ಪೇನಿಲ್ಲ, ಅಣ್ಣತಮ್ಮಂದಿರೂ ಒಂದೇ ಥರ ಇರಲ್ಲ. ಆದ್ರ ಭರ್ಚಿ ಹಿಡಿದ ಗಾಬ್ಲಿನ್ ಅಂತ ಒಬ್ಬ ಬರ್ತಾನ. ಆರ್ಕ್‌ಗಳ ದಂಡಿನ ಮುಂದಿನ ಸಾಲಿನವ. ಅವನಿಗೆ ಒಂದೇ ಗುಣ. ಅದನ್ನ ಎತ್ತೋ ಡಬ್ಬಿಯಲ್ಲಿ ಇರೋದು ಮೂರೇ ಚೀಟಿ: ಬಲಹೀನ, ನಿಧಾನ, ಮಂದಬುದ್ಧಿ. ನಾಲ್ಕನೇ ಚೀಟಿ ಇಲ್ಲ. ಮಂದಬುದ್ಧಿ ಬಂದ್ರ ಅವನು ಮುಂದಿನ ಲೆವೆಲ್ಲಿಗೆ ಏರಲಾಕ 100ಕ್ಕೆ 20ರಷ್ಟು ಹೆಚ್ಚು ಅನುಭವ ಗಳಿಸಬೇಕು. ಜಾಣ ಅನ್ನೋ ಚೀಟಿ ಬಂದವನಿಗೆ 20ರಷ್ಟು ಕಡಿಮೆ ಸಾಕು. ಅಂದ್ರ ಅದೇ ಮೆಟ್ಟಿಲಿಗೆ ಒಬ್ಬ 80 ಕೊಟ್ಟು ಹತ್ತತಾನ, ಒಬ್ಬ 100, ಇವನು 120. ನಾವು ಆಡೋ ಪ್ರತಿಯ ಸಹಾಯ ಪುಟದಲ್ಲಿ ಇದಕ್ಕೊಂದು ವಿವರಣೆ ಬೇರೆ ಅದ. ಇದು ಕೀಳು ಜಾತಿಯ ಜೀವಿಗಳಲ್ಲಿ ಕಾಣೋ ಗುಣ, ಅವು ಕೀಳಾಗಿರೋದಕ್ಕೆ ಇದೂ ಒಂದು ಕಾರಣ ಅನ್ನೋ ಅರ್ಥದ ಮಾತು. ಬರೆದವರಿಗೆ ತಮಾಷೆ ಇರಬಹುದು. ನಮ್ಮ ಹುಡುಗ ತಮಾಷೆ ಅಂತ ಓದಲಿಲ್ಲ.

ಆ ರಾತ್ರಿ ನಾನು ಬಾಳ ವಿಚಾರ ಮಾಡಿದೆ. 120ರ ಲೆಕ್ಕ ಸುಳ್ಳೇನು? ಅಲ್ಲ. ಚಿಂಚೋಳಿ ಕಡೆಯ ತಾಂಡಾದಿಂದ ಬೆಳಿಗ್ಗೆ ನಡೆದು, ಆಮೇಲೆ ಬಸ್ ಹಿಡಿದು ಕಾಲೇಜಿಗೆ ಹೋಗೋ ಹುಡುಗಿ, ಪೇಟೆಯಲ್ಲಿ ಟ್ಯೂಷನ್ ಮನೆ ಪಕ್ಕದಲ್ಲೇ ಇರೋ ಹುಡುಗ, ಇಬ್ಬರೂ ಒಂದೇ ಪೇಪರ್ ಬರೀತಾರ. ಅವಳು 120 ಕೊಟ್ಟು ಹತ್ತೋ ಮೆಟ್ಟಿಲು ಅವನಿಗೆ 80. ಅಪ್ಪ-ಅವ್ವ ದುಡಿಯಾಕ ಮುಂಬಯಿ, ಪುಣೆ ಅಂತ ಹೋದಾಗ ವರ್ಷಕ್ಕೆ ನಾಲ್ಕು ತಿಂಗಳು ಸಾಲಿ ಬಿಟ್ಟ ನಮ್ಮ ಕೇರಿ ಹುಡುಗನಿಗೂ 120. ಲೆಕ್ಕ ಖರೆ ಅದ. ಕಾರಣ ಸುಳ್ಳು. ನಾವು ಕಾರಣವನ್ನ ರಸ್ತೆಯಲ್ಲಿ, ಬಸ್ಸಿನಲ್ಲಿ, ರೇಷನ್ನಿನಲ್ಲಿ, ಸಾಲಿಯಲ್ಲಿ, ಭೂಮಿಯಲ್ಲಿ ಹುಡುಕ್ತೀವಿ. ಆಟ ಅದನ್ನ ರಕ್ತದಲ್ಲಿ ಇಟ್ಟದ. ಮನು ಮಾಡಿದ್ದೂ ಇದನ್ನೇ. ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಸುಟ್ಟದ್ದು ಈ ಕಾರಣವನ್ನ.

ಇನ್ನೊಂದು ನೋಡ್ರಿ. ಈ ಆಟದಲ್ಲಿ ಹಗಲು-ರಾತ್ರಿ ಅದ. ರಾಜನ ಸೈನಿಕರು 'ಲಾಫುಲ್', ಕಾನೂನಿನವರು. ಹಗಲಿನಲ್ಲಿ ಅವರ ಏಟು 25ರಷ್ಟು ಹೆಚ್ಚು, ರಾತ್ರಿ ಅಷ್ಟೇ ಕಡಿಮೆ. ಆರ್ಕ್‌ಗಳು, ಹೆಣಗಳು, ಕಾಡಿಗೆ ಓಡಿಹೋದ ಬಡ ಮನುಷ್ಯರು 'ಕೇಯಾಟಿಕ್', ಅಂದ್ರ ಕಟ್ಟಳೆ ಇಲ್ಲದವರು. ಅವರಿಗೆ ಲೆಕ್ಕ ಉಲ್ಟಾ. ಆಟದ ದೃಷ್ಟಿಯಿಂದ ಇದು ಭಾರಿ ಚಂದದ ನಿಯಮ. ಯಾವಾಗ ಮುನ್ನುಗ್ಗಬೇಕು, ಯಾವಾಗ ಹಿಂದೆ ಸರೀಬೇಕು ಅನ್ನೋದನ್ನ ಕಲಿಸ್ತದ. ಆದ್ರ ಕಾನೂನಿನವರು ಯಾರು, ಇಲ್ಲದವರು ಯಾರು ಅಂತ ಹೆಸರಿಟ್ಟವರ್ಯಾರು? ಆ ಓಡಿಹೋದ ಬಡವರಲ್ಲಿ ದೊಣ್ಣೆ ಹಿಡಿದ ಒಬ್ಬನ ಹೆಸರು 'ಥಗ್'. ನಮ್ಮ 'ಠಕ್ಕ'ನ ಬಳಗದ ಈ ಮಾತು ಹಿಂದಿಯ 'ಠಗ್' ಆಗಿ ಬ್ರಿಟಿಷರ ಕೈಗೆ ಸಿಕ್ಕು ಇಂಗ್ಲಿಷ್ ಸೇರಿತು. ಅದೇ ಬ್ರಿಟಿಷರು 1871ರಲ್ಲಿ ಕಾಯ್ದೆ ಮಾಡಿ ಇಡೀ ಇಡೀ ಸಮುದಾಯಗಳನ್ನ ಹುಟ್ಟಿನಿಂದಲೇ ಅಪರಾಧಿಗಳು ಅಂತ ಪಟ್ಟಿ ಮಾಡಿದರು. ಸ್ವಾತಂತ್ರ್ಯ ಬಂದು ಐದು ವರ್ಷ ಆದ ಮ್ಯಾಲೆ, 1952ರಲ್ಲಿ, ಆ ಕಾಯ್ದೆ ಹೋಯ್ತು. ಪೊಲೀಸರ ಕಣ್ಣಿನಿಂದ ಇನ್ನೂ ಪೂರ್ತಿ ಹೋಗಿಲ್ಲ.

ಆಟ ಬರೆದವರಿಗೂ ಇದು ಒಳಗೊಳಗೇ ಚುಚ್ಚಿರಬೇಕು. 'ಸನ್ ಆಫ್ ದಿ ಬ್ಲ್ಯಾಕ್ ಐ' ಅನ್ನೋ ಕಥೆಯಲ್ಲಿ ನಾವು ಆರ್ಕ್‌ಗಳ ಕಡೆಯಿಂದ ಆಡ್ತೀವಿ. ಅಲ್ಲಿ ಮನುಷ್ಯರೇ ಅವರ ನೆಲಕ್ಕೆ ನುಗ್ಗಿದವರು. 'ಲಿಬರ್ಟಿ' ಅನ್ನೋ ಕಥೆಯಲ್ಲಿ ರಾಣಿಯ ದಬ್ಬಾಳಿಕೆಗೆ ಹಳ್ಳಿಯವರು ತಿರುಗಿ ಬೀಳ್ತಾರ. ನಮ್ಮ ಹುಡುಗರಿಗೆ ಅದೇ ಅಚ್ಚುಮೆಚ್ಚು. ದೊಡ್ಡ ಕಥೆ 'ಏರ್ ಟು ದಿ ಥ್ರೋನ್', ಸಿಂಹಾಸನದ ವಾರಸುದಾರ. ಅದರ ಗುಟ್ಟು ಇಲ್ಲಿ ಬಿಚ್ಚತೀನಿ, ಆಡೋರು ಕ್ಷಮಿಸ್ರಿ. ರಾಜವಂಶದ ಕುಡಿ ಅಂತ ನಾವು ಉದ್ದಕ್ಕೂ ನಡೆಸಿಕೊಂಡು ಬಂದ ಕಾನ್ರಾಡ್ ರಾಜವಂಶದವನೇ ಅಲ್ಲ, ಎಲ್ಲಿಯೋ ಸಿಕ್ಕ ಅನಾಥ ಕೂಸು ಅಂತ ಕೊನೆಯಲ್ಲಿ ತಿಳೀತದ. ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ. ಆದ್ರ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಹಕ್ಕು ಮತ್ತ ರಾಜಕುಮಾರಿಯ ರಕ್ತಕ್ಕೇ ಹೋಯ್ತು, ಇವನು ಅವಳನ್ನ ಮದುವೆಯಾಗಿ ಅರಮನೆ ಸೇರಿದ. ಒಂದು ಹೆಜ್ಜೆ ಮುಂದಿಟ್ಟು ಅರ್ಧ ಹೆಜ್ಜೆ ಹಿಂದೆ. ನಮ್ಮ ಪ್ರಗತಿಪರ ಸಿನಿಮಾಗಳಂಗೇ.

ಈಗ ನನ್ನ ಮಾತು. ಬರೆಯೋದು ಕಷ್ಟ ಅದ, ಆದ್ರ ಈ ಪೋಸ್ಟ್ ಶುರು ಮಾಡಿದ್ದೇ ಇದಕ್ಕೆ.

ಗಾಬ್ಲಿನ್ ಇರಲಿ, ಮನುಷ್ಯರಲ್ಲೇ ಹೊಲದಿಂದ ಬಂದ ರೈತ ಇರಲಿ, ಅವರು 'ಸೊನ್ನೆ ಲೆವೆಲ್'. ಸೊನ್ನೆ ಲೆವೆಲ್ಲಿಗೆ ಆಟದಲ್ಲಿ ಮೂರು ನಿಯಮ. ಒಂದು, ಅವರಿಗೆ ಸಂಬಳ ಇಲ್ಲ. ಉಳಿದವರಿಗೆ ಅವರ ಲೆವೆಲ್ ಎಷ್ಟೋ ಅಷ್ಟು ಚಿನ್ನದ ಖರ್ಚು ಪ್ರತಿ ಸುತ್ತಿಗೆ, ಇವರಿಗೆ ಸೊನ್ನೆ. ನಮ್ಮ ಮುತ್ಯಾನ ಬಿಟ್ಟಿ ಚಾಕರಿ. ಎರಡು, ಇವರ ಜೊತೆ ಹೊಡೆದಾಡಿದ್ರ ಎದುರಿನವನಿಗೆ ಅನುಭವ ಸೊನ್ನೆ. ಇವರ ಜೊತೆ ಕಾದಿದ್ದು ಕಾದಾಟದ ಲೆಕ್ಕಕ್ಕೇ ಬರಲ್ಲ. ಕೊಂದ್ರ ಮಾತ್ರ ನಾಲ್ಕು ಅಂಕ, ಒಂದನೇ ಲೆವೆಲ್ಲಿನವನನ್ನ ಕೊಂದ್ರ ಎಂಟು. ಜೀವದ ಬೆಲೆ ಅರ್ಧ. ಮೂರು, ಉಳಿದ ಯಾವ ಸೈನಿಕನ ಪಕ್ಕ ಹೋದ್ರೂ ಶತ್ರು ಅಲ್ಲೇ ನಿಲ್ಲಬೇಕು, ದಾಟಿ ಹೋಗಲಾಗಲ್ಲ. ಸೊನ್ನೆ ಲೆವೆಲ್ಲಿನವನ ಪಕ್ಕದಿಂದ ಮಾತ್ರ ಅಲ್ಲಿ ಯಾರೂ ಇಲ್ಲವೇ ಇಲ್ಲ ಅನ್ನೋ ಥರ ನಡೆದು ಹೋಗಬಹುದು. ತಹಸೀಲಿಗೆ ಅರ್ಜಿ ಹಿಡಿದು ಹೋದ ನಮ್ಮ ಅವ್ವಂದಿರಿಗೆ ಈ ಮೂರನೇ ನಿಯಮ ಬಿಡಿಸಿ ಹೇಳೋದು ಬೇಕಿಲ್ಲ.

ಇಂಥವರನ್ನ ನಾನು ಹೆಂಗ ಆಡಿಸ್ತಿದ್ದೆ? ಕಡಿಮೆ ಚಿನ್ನಕ್ಕೆ ನಾಲ್ಕು ಮಂದಿ ರೈತರನ್ನ ತಗೋಳೋದು, ಮುಂದಿನ ಸಾಲಿಗೆ ನೂಕೋದು. ಶತ್ರು ಅವರನ್ನ ಕಡಿಯೋದ್ರಾಗ ದಣೀತಾನ, ಆಮೇಲೆ ನನ್ನ ದೊಡ್ಡ ಸೈನಿಕರು ಬಂದು ಅವನನ್ನ ಮುಗಿಸ್ತಾರ. ಈ ಆಟದಲ್ಲಿ ಇಂಥ ಕಾಲಾಳಿಗೂ ಒಂದು ಹೆಸರು ಇರ್ತದ. ಚದುರಂಗದ ಪೇದೆಯಂಗ ಅಲ್ಲ. ನಾನು ಹೆಸರು ಓದ್ತಿರಲಿಲ್ಲ. ನಾಯಕ ಸತ್ರ ಆಟ ಸೋತಂಗ, ಕಾಲಾಳು ಸತ್ರ ಖರ್ಚು. ಅಷ್ಟೇ.

ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಒಂದು ಊರಿನಲ್ಲಿ, ಹೆಸರು ಬ್ಯಾಡ, ಒಂದು ಪ್ರತಿಭಟನೆ ಇತ್ತು. ನ್ಯಾಯದ ಪ್ರತಿಭಟನೆಯೇ. ಬ್ಯಾನರ್ ಹಿಡಿಯಾಕ ಮುಂದಿನ ಸಾಲಿಗೆ ನಾನು ಆರು ಹುಡುಗರನ್ನ ನಿಲ್ಲಿಸಿದೆ. ಅವರಲ್ಲಿ ಒಬ್ಬ ಡಿಗ್ರಿ ಮುಗಿಸಿ ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ತಯಾರಿ ಮಾಡ್ತಿದ್ದ, ದಿನಾ ನಸುಕಿನಲ್ಲಿ ಓಡ್ತಿದ್ದ. ನೂಕಾಟ ಆಯ್ತು, ಕಲ್ಲು ಬಿತ್ತು, ಯಾರು ಎಸೆದರೋ ಗೊತ್ತಿಲ್ಲ. ಎಫ್‌ಐಆರ್ ಆಯ್ತು. ವೇದಿಕೆ ಮೇಲಿದ್ದ ನಮ್ಮ ಯಾರ ಹೆಸರೂ ಅದರಲ್ಲಿ ಇರಲಿಲ್ಲ. ಮುಂದಿನ ಸಾಲಿನ ಆರು ಹೆಸರು ಇದ್ದವು. ನಾವು ಮರುದಿನ ಖಂಡನೆಯ ಹೇಳಿಕೆ ಕೊಟ್ಟೆವು, ನನ್ನ ಫೋಟೋ ಪೇಪರಿನಾಗ ಬಂತು. ಆ ಹುಡುಗ ಮುಂದಿನ ಅರ್ಜಿ ಹಾಕೋವಾಗ "ನಿಮ್ಮ ಮೇಲೆ ಕೇಸು ಅದಾವೇನು" ಅನ್ನೋ ಕಲಮಿನ ಮುಂದೆ ಪೆನ್ ಹಿಡಿದು ಕೂತು ನನಗೆ ಫೋನ್ ಮಾಡಿದ: "ಅಣ್ಣಾ, ಇಲ್ಲಿ ಏನು ಬರೀಲಿ?"

ಏನು ಹೇಳಿದೆ ಅಂತ ಬರೆಯಲ್ಲ. ಸರಿಯಾದ ಉತ್ತರ ನನ್ನ ಹತ್ರ ಇರಲಿಲ್ಲ. ಪೊಲೀಸರದು ತಪ್ಪಿಲ್ಲ ಅಂತ ನಾನು ಅಂತಿಲ್ಲ, ಅದು ಬ್ಯಾರೆ ಮಾತು, ಅದನ್ನ ನೂರು ಸಲ ಬರೆದೀನಿ. ಆದ್ರ ಅವನನ್ನ ಅಲ್ಲಿ ನಿಲ್ಲಿಸಿದವನು ನಾನು. ಅವನ ಹಿಂದಿನ ಮನೆ ಖಾಲಿ ಇತ್ತು. ಮುತ್ಯಾ ಹೇಳಿದ್ದು ನೆನಪಿರಲಿಲ್ಲ.

ಆ ಎಂಟನೇ ಕ್ಲಾಸಿನ ಹುಡುಗನ ಪ್ರಶ್ನೆಗೆ ಮರುದಿನ ನಾನು ಬಾಯಿಂದ ಉತ್ತರ ಕೊಡಲಿಲ್ಲ. ಈ ಆಟದ ಇನ್ನೊಂದು ದೊಡ್ಡ ಗುಣ ಏನಂದ್ರ ಇದರ ಒಳಗೆಲ್ಲಾ ಬಿಚ್ಚಿಟ್ಟದ್ದೇ. ಯಾರು ಬೇಕಾದ್ರೂ ಓದಬಹುದು, ಬದಲಿಸಬಹುದು, ಹಂಚಬಹುದು. ಲೈಸೆನ್ಸೇ ಆ ಹಕ್ಕು ಕೊಡ್ತದ. ಫೋಲ್ಡರ್ ತೆಗೆದು, ಗಾಬ್ಲಿನ್ ಜಾತಿಯ ಫೈಲ್ ಹುಡುಕಿ, ಸಾದಾ ನೋಟ್‌ಪ್ಯಾಡಿನಲ್ಲಿ ತೋರಿಸಿದೆ. ಬಲಹೀನ, ನಿಧಾನ, ಮಂದಬುದ್ಧಿ. ಮೂರು ಸಣ್ಣ ಸಾಲು.

ಹುಡುಗ ಬಾಳ ಹೊತ್ತು ನೋಡಿದ. "ಇಷ್ಟೇ ಏನಣ್ಣಾ? ಇದನ್ನ ಯಾರೋ ಬರದಾರ?"

"ಹೂಂ. ಯಾರೋ ಬರದಾರ."

"ಅಳಿಸಲಾ?"

ಅಳಿಸಿದ. ಮನುಷ್ಯರಿಗಿದ್ದ ನಾಲ್ಕು ಗುಣ ಅಲ್ಲಿ ಹಾಕಿದ. ಆಟ ಬಂದ್ ಮಾಡಿ ಮತ್ತ ಶುರು ಮಾಡಿದ್ವಿ. ಮೊದಲನೇ ಗಾಬ್ಲಿನ್ 'ಜಾಣ' ಆಗಿ ಹುಟ್ಟಿದ. ಇಡೀ ಖೋಲಿ ಸಿಳ್ಳೆ ಹೊಡೀತು.

ಇಲ್ಲಿಗೆ ನಿಲ್ಲಿಸಿದ್ರ ಈ ಪೋಸ್ಟಿಗೆ ಚಲೋ ಲೈಕ್ ಬರ್ತಾವ. ಆದ್ರ ನಿಲ್ಲಲಿಲ್ಲ. ಮರುದಿನ ಅದೇ ಹುಡುಗ ಇನ್ನೊಂದು ಕಂಪ್ಯೂಟರಿನವನ ಜೊತೆ ವೈರ್ ಜೋಡಿಸಿ ಆಡಲಾಕ ಹೋದ. ಆಟ ನಡುವೆ ಕೆಟ್ಟು ನಿಂತಿತು. ಯಾಕಂದ್ರ ಇವನ ಫೈಲಿನಾಗ ಗಾಬ್ಲಿನ್ ಜಾಣ, ಅವನ ಫೈಲಿನಾಗ ಇನ್ನೂ ದಡ್ಡ. ಎರಡು ಮಷೀನಿನ ಲೆಕ್ಕ ಹೊಂದಲಿಲ್ಲ. ಮೂರೂ ಮಷೀನಿನಲ್ಲಿ ಬದಲಿಸಿದ ಮ್ಯಾಲೆ ಆಟ ನಡೀತು. ಮನೆಯೊಳಗೆ ಒಬ್ಬರೇ ಕೂತು ನಾನು ಜಾತಿ ಬಿಟ್ಟೀನಿ ಅನ್ನೋರಿಗೆ ಈ ಹುಡುಗರಿಂದ ಒಂದು ಪಾಠ.

ಆಮೇಲೆ ಅವರು ನಕ್ಷೆ ಮಾಡಲಾಕ ಹತ್ತಿದ್ರು. ಆಟದ ಜೊತೆಗೇ ನಕ್ಷೆ ಬಿಡಿಸೋ ಸಾಧನ ಅದ. ವೆಸ್ನಾತಿನ ಹಿಮದ ಬೆಟ್ಟ ಯಾಕ ಬೇಕು, ನಮ್ಮ ಕಾಗಿಣಾ ಸಾಕು ಅಂದ್ರು. ಪೂರ್ವಕ್ಕೆ ಚಿಂಚೋಳಿಯ ಕಾಡು ಹಾಕಿದ್ರು. ಸೇಡಂ ಹುಡುಗ ಕಾಗಿಣಾ ದಂಡೆ ಮೇಲೆ ಮಳಖೇಡದ ಕೋಟೆ ಇಟ್ಟ, ರಾಷ್ಟ್ರಕೂಟರ ರಾಜಧಾನಿ ಅಂತ ಎಲ್ಲರಿಗೂ ಎರಡೆರಡು ಸಲ ಹೇಳಿದ. ಚಿತ್ತಾಪುರದ ಹುಡುಗಿ ಭೀಮಾ ದಂಡೆಯ ಸನ್ನತಿ ಬೇಕೇ ಬೇಕು ಅಂದಳು. 1986ರಲ್ಲಿ ಅಲ್ಲಿನ ಕಾಳಿ ಗುಡಿಯ ಮಾಳಿಗೆ ಕುಸಿದಾಗ ಮೂರ್ತಿಯ ಪೀಠದ ಕಲ್ಲಿನಲ್ಲೇ ಅಶೋಕನ ಶಾಸನ ಸಿಕ್ಕಿತು, ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಹೆಸರು ಕೆತ್ತಿದ ಅಶೋಕನ ಶಿಲ್ಪವೇ ಸಿಕ್ಕಿತು. ಬುದ್ಧನ ನೆಲವನ್ನ ಕೋಟೆ ಮಾಡಬೇಕೋ, ಊರು ಮಾಡಬೇಕೋ ಅಂತ ಜಗಳ. ಊರು ಅಂತ ತೀರ್ಮಾನ ಆಯ್ತು, ಯಾಕಂದ್ರ ಈ ಆಟದಲ್ಲಿ ಊರಿಗೆ ಹೋದ ಗಾಯಾಳುವಿಗೆ ಗಾಯ ಮಾಯ್ತದ. ಶಹಾಬಾದಿನ ಖಣಿಗಳಿಗೆ ಗುಹೆಯ ನೆಲ ಹಾಕಿದ್ರು. ನಡುವೆ ವಾಡಿ ಜಂಕ್ಷನ್, ನಾಲ್ಕೂ ಕಡೆ ದಾರಿ.

ಎಲ್ಲಾ ಮುಗಿದ ಮ್ಯಾಲೆ ಒಬ್ಬ ಸಣ್ಣ ಹುಡುಗ ಒಂದು ಊರಿ‌ನ ಪಕ್ಕ, ನಡುವೆ ಒಂದು ಮನೆ ಹಳ್ಳ ಬಿಟ್ಟು, ಇನ್ನೊಂದು ಸಣ್ಣ ಊರು ಇಟ್ಟ. "ಇದ್ಯಾಕೋ?" ಅಂದ್ರ "ಇದು ಕೇರಿ" ಅಂದ. ಯಾರೂ ನಗಲಿಲ್ಲ. ದೊಡ್ಡ ಹುಡುಗಿ ಮೌಸ್ ತಗೊಂಡು ನಡುವಿನ ಹಳ್ಳ ತೆಗೆದು ರಸ್ತೆ ಹಾಕಿದಳು. ಅಷ್ಟೇ.

ಇನ್ನು ಸಣ್ಣಪುಟ್ಟ ಕುಂದು ಹೇಳಿ ಮುಗಿಸ್ತೀನಿ. ಅದೃಷ್ಟದ ಪಾಲು ಬಾಳ. 70ರ ಸಾಧ್ಯತೆಯ ಏಟು ಮೂರು ಸಲ ತಪ್ಪಿದ್ರ ಹುಡುಗರು ಮೌಸ್ ಒಗೀತಾರ. ಕಂಪ್ಯೂಟರ್ ಎದುರಾಳಿ ಹುಂಬ, ವಿಚಾರ ಇಲ್ಲದೆ ನುಗ್ಗತದ. ಸೋತ ಕೂಡಲೇ ಹಿಂದಿನ ಸೇವ್ ತೆಗೆದು ಆಡೋ ಚಟ ಬೀಳ್ತದ, ಜೀವನದಲ್ಲಿ ಆ ಬಟನ್ ಇಲ್ಲ. ಚಟ ಬಿದ್ರ ಓದು ಕೆಡ್ತದ, ಅದಕ್ಕೇ ಒಂದು ತಾಸಿನ ಮೇಲೆ ನಾವು ಬಿಡಲ್ಲ. ಇಷ್ಟಾದ್ರೂ ನಿಮ್ಮ ಮಕ್ಕಳಿಗೆ ಕೊಡ್ರಿ ಅಂತೀನಿ. ಜೊತೆಗೆ ಕೂತು ಆಡಿಸ್ರಿ, ಮತ್ತ ಆ ಫೈಲ್ ತೆಗೆದು ತೋರಿಸ್ರಿ.

ಕನ್ನಡಕ್ಕೆ ತರೋ ಕೆಲಸ ಶುರು ಮಾಡೀವಿ. ಆಟದ ಮಾತುಗಳನ್ನ ಯಾರು ಬೇಕಾದ್ರೂ ಅನುವಾದ ಮಾಡಬಹುದು. ಮೊದಲನೇ ದಿನವೇ ಸಿಕ್ಕಿಬಿದ್ವಿ. ಆರ್ಕ್‌ಗೆ ಏನನ್ನೋಣ? ಒಬ್ಬ 'ರಾಕ್ಷಸ' ಅಂದ. ಇನ್ನೊಬ್ಬ "ರಾಕ್ಷಸ ಅಂದವರು ಯಾರು, ಅನಿಸಿಕೊಂಡವರು ಯಾರು?" ಅಂತ ಕೇಳಿದ. ಎರಡು ತಾಸು ಅದೇ ಚರ್ಚೆ, ಆಟ ಆಡಲೇ ಇಲ್ಲ. ಸದ್ಯಕ್ಕೆ ಆರ್ಕ್ ಅಂತಲೇ ಇಟ್ಟೀವಿ. ಒಳ್ಳೆ ಹೆಸರು ಹೊಳೆದವರು ಕೆಳಗೆ ಬರೀರಿ. ಕಂಪ್ಯೂಟರ್ ಬಲ್ಲವರು ಭಾನುವಾರ ವಾಡಿಗೆ ಬರ್ರಿ, ಹಳೆ ಕೀಬೋರ್ಡ್ ಇದ್ರ ತರ್ರಿ.

ಕೊನೆಗೊಂದು ಮಾತು. ಗಾಬ್ಲಿನ್ ಸೊನ್ನೆ ಲೆವೆಲ್ ದಾಟಿದ್ರ ಅವನ ಮುಂದೆ ಎರಡು ದಾರಿ. ಅದರಲ್ಲಿ ಒಂದು, ಬಾವುಟ ಹಿಡಿದು ಉಳಿದವರನ್ನ ಎಬ್ಬಿಸೋದು. ಅವನಿಗೆ 'ನಾಯಕತ್ವ' ಅನ್ನೋ ಗುಣ ಬರ್ತದ. ಆ ಗುಣದ ನಿಯಮ ನಾನು ಈಗ ಗೋಡೆ ಮೇಲೆ ಬರೆದು ಹಚ್ಚೀನಿ. ಅದು ತನಗಿಂತ ಕೆಳಗಿನ ಲೆವೆಲ್ಲಿನವರಿಗೆ ಮಾತ್ರ ಬಲ ಕೊಡ್ತದ. ತನಗೇ ಏನೂ ಕೊಡಲ್ಲ. ಮತ್ತ ನಾಯಕ ಅವರ ಪಕ್ಕದ ಮನೆಯಲ್ಲಿ ನಿಂತಿದ್ರ ಮಾತ್ರ ಕೆಲಸ ಮಾಡ್ತದ. ಎರಡು ಮನೆ ದೂರ ನಿಂತ್ರ ಇಲ್ಲ.

ಆ ಆರು ಹುಡುಗರ ಕೇಸು ಇನ್ನೂ ನಡೆದದ. ಬರೋ ಗುರುವಾರ ತಾರೀಖು ಅದ. ಇಷ್ಟು ದಿನ ವಕೀಲರ ನಂಬರ್ ಕೊಟ್ಟು ಸುಮ್ಮನಿದ್ದೆ. ಈ ಸಲ ಮುಂಜಾನೆ ಅವರ ಜೊತೆಗೇ ಬಸ್ ಹತ್ತತೀನಿ. ಬರೋರು ಬರ್ರಿ.

ಜೈಭೀಮ್.